ಅಂಕಲ್ ಎಂಬ ಚಿಕ್ಕಜ್ಜ

ಮಾತು ಕಡಿಮೆಯಾದರೆ ಅವಮಾನವೂ ಕಡಿಮೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೇನಿಲ್ಲ. ಮಾತಾಡದವನ ಮನೆಗೂ ಅದು ಹಾಲಿನವನ ಹಾಗೆ ತಪ್ಪದೆ ಬರುತ್ತದೆ. ಪಾತ್ರೆ ಹಿಡಿಯುವುದಷ್ಟೇ ನಮ್ಮ ಕೆಲಸ.

ಪುಣೆಯಲ್ಲಿ ನಾನು ಮಾಡುವುದು ಬರವಣಿಗೆಯ ಕೆಲಸವೇ. ಆದರೆ ಯಾರೂ ಓದುವಂಥದ್ದಲ್ಲ. ಭೋಸರಿಯ ಒಂದು ಕಾರ್ಖಾನೆಗೆ ಯಂತ್ರಗಳ ಕೈಪಿಡಿ ಬರೆದುಕೊಡುತ್ತೇನೆ. ಯಾವ ಗುಂಡಿ ಒತ್ತಬೇಕು, ಯಾವುದನ್ನು ಮುಟ್ಟಲೇಬಾರದು, ಅಷ್ಟೇ. ಉಳಿದ ಹೊತ್ತು ನಿಘಂಟು ಓದುತ್ತೇನೆ. ಮನೆಯಲ್ಲಿ ಇದನ್ನು ವಾಸಿಯಾಗದ ಕಾಯಿಲೆ ಎಂದು ಒಪ್ಪಿಕೊಂಡಿದ್ದಾರೆ.

ಕಳೆದೊಂದು ವರ್ಷದಲ್ಲಿ ನನಗಾದ ಮುಜುಗರಗಳಿಗೆಲ್ಲ ಒಂದೇ ಇಂಗ್ಲಿಷ್ ಪದ ಕಾರಣ. ಅಂಕಲ್. ಆ ವರ್ಷ ಅಕ್ಕನ ಮಗಳ ಮದುವೆ ಕೂಡಿಬಂತು. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಧಾರವಾಡದಿಂದ ಕೆಲಸಕ್ಕೆಂದು ಪುಣೆಗೆ ಬಂದ ಹೊಸತರಲ್ಲಿ ನಾನು ಅಕ್ಕನ ಮನೆಯಲ್ಲೇ ಇದ್ದೆ. ಆಗ ಈ ಹುಡುಗಿ ನನ್ನ ಎರಡು ಪಾದಗಳ ಮೇಲೆ ತನ್ನ ಎರಡು ಪಾದ ಇಟ್ಟು ನಿಲ್ಲುತ್ತಿದ್ದಳು. ನಾನು ಅವಳ ಕೈ ಹಿಡಿದು ಉದ್ದನೆಯ ವರಾಂಡದಲ್ಲಿ ಆನೆಯ ಹಾಗೆ ನಡೆಯಬೇಕು. ಅದಕ್ಕೆ ಅವಳಿಟ್ಟ ಹೆಸರು 'ಆನಿ ಆಟ'. ನಮಗೆ ಮಕ್ಕಳಿಲ್ಲ. ಯಾವುದಾದರೂ ಮಂಟಪದಲ್ಲಿ ನನಗೊಂದು ಕೆಲಸ ಇರುವುದಾದರೆ ಅದು ಇದೊಂದೇ. ಅದನ್ನು ನಾನು ಹೇಗೆ ಕಳೆದುಕೊಳ್ಳುತ್ತ ಬಂದೆ ಎಂಬುದು ಮುಂದೆ ಇದೆ.

ಮೆಂತೆಸೊಪ್ಪಿನ ಚೀಲ

ಒಂದು ಭಾನುವಾರ ಅಕ್ಕನ ಫೋನು ಬಂತು. "ಹುಡುಗನ ಕಡ್ಯಾವ್ರು ಬರಾಕತ್ತಾರ. ನೀ ಬಂದು ಸುಮ್ನ ಕೂಡು. ಮಾವ ಅಂತ ಒಬ್ಬಾಂವ ಕಾಣಬೇಕಲ್ಲ."

ಸುಮ್ಮನೆ ಕೂಡುವುದು ನನಗೆ ಚೆನ್ನಾಗಿ ಬರುವ ಕೆಲಸ. ಸ್ವಾರಗೇಟಿನಿಂದ ಹಡಪಸರದ ಬಸ್ಸು ಹಿಡಿದೆ. ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತೆ. ಎದುರು ಸೀಟಿನಲ್ಲಿದ್ದ ಕಾಲೇಜು ಹುಡುಗಿ ಎದ್ದು ನಿಂತು, "ಅಂಕಲ್, ಬಸಾ ನಾ" ಅಂದಳು. ಕೂತುಕೊಳ್ಳಿ ಅಂತ.

ಯಾರಿಗೆ ಹೇಳುತ್ತಿದ್ದಾಳೆ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಬಸ್ಸಿನ ಗಾಜು ಮಾತ್ರ ಇತ್ತು. ಗಾಜಿನಲ್ಲಿ ಒಬ್ಬ ಅಂಕಲ್ ನಿಂತಿದ್ದ.

ಕೂತರೆ ಒಪ್ಪಿಕೊಂಡಂತೆ. ಪಕ್ಕದಲ್ಲಿ ತಲೆ ಪೂರ್ತಿ ಬಿಳಿಯಾದ ಒಬ್ಬರು ನಿಂತಿದ್ದರು. ದೊಡ್ಡ ಮನಸ್ಸು ಮಾಡಿ ಅವರಿಗೆ, "ಕಾಕಾ, ತುಮ್ಹೀ ಬಸಾ" ಅಂದೆ.

ಅವರು ನನ್ನನ್ನು ಚಪ್ಪಲಿಯಿಂದ ಕೂದಲವರೆಗೆ ನೋಡಿದರು. "ಯಾರು ಕಾಕಾ?" ಎಂದು ಮರಾಠಿಯಲ್ಲಿ ಕೇಳಿದರು. "ನಿಮ್ಮ ವಯಸ್ಸೆಷ್ಟು?"

ಹೇಳಿದೆ.

"ನಾನು ನಿಮಗಿಂತ ಎರಡು ವರ್ಷ ಸಣ್ಣವನು," ಎಂದು ಕಂಡಕ್ಟರನಿಗೂ ಕೇಳುವ ಹಾಗೆ ಹೇಳಿದರು. "ನಿಮಗೆ ಕೊಟ್ಟ ಸೀಟು. ನೀವೇ ಕೂಡಿ, ಕಾಕಾ."

ಇನ್ನು ಕೂಡುವುದು ಸಾಧ್ಯವೇ ಇರಲಿಲ್ಲ. ಅವರಿಗೂ ಇರಲಿಲ್ಲ. ಹುಡುಗಿ ಮುಂದಿನ ನಿಲ್ದಾಣದಲ್ಲಿ ಇಳಿದುಹೋದಳು. ಅಂಥ ಗದ್ದಲದ ಬಸ್ಸಿನಲ್ಲಿ ಒಂದು ಖಾಲಿ ಸೀಟಿನ ಆ ಬದಿಗೆ ಅವರು, ಈ ಬದಿಗೆ ನಾನು, ಕಾವಲುಗಾರರ ಹಾಗೆ ಹಡಪಸರದವರೆಗೆ ನಿಂತೇ ಬಂದೆವು. ನಡುವೆ ಯಾವುದೋ ಹೆಣ್ಣುಮಗಳ ಮೆಂತೆಸೊಪ್ಪಿನ ಚೀಲ ಆರಾಮಾಗಿ ಕೂತು ಬಂತು.

ಲ್ಯಾಟಿನ್ ಪಾಠ

ಆ ಮನಸ್ಸಿನಲ್ಲೇ ಅಕ್ಕನ ಮನೆಯ ಮೆಟ್ಟಿಲು ಹತ್ತಿದೆ. ಅಲ್ಲಿ ಹುಡುಗ, ಅವನ ಅಪ್ಪ ಅಮ್ಮ, ಮತ್ತು ಈ ಸಂಬಂಧ ಹುಡುಕಿಕೊಟ್ಟ ಅವನ ಚಿಕ್ಕಪ್ಪ ಕೂತಿದ್ದರು. ತುಮಕೂರಿನ ಕಡೆಯವರು. ಹುಡುಗ ಹಡಪಸರದಲ್ಲೇ ಕಂಪ್ಯೂಟರಿನ ಆಫೀಸೊಂದರಲ್ಲಿದ್ದ. ಒಳ್ಳೆಯ ಹುಡುಗ. ಎದ್ದು ಬಗ್ಗಿ, "ನಮಸ್ತೆ ಅಂಕಲ್" ಅಂದ.

ನಾನು ತಲೆಯಾಡಿಸಿದೆ.

"ಅಂಕಲ್, ನೀವೆಲ್ಲಿ ವರ್ಕ್ ಮಾಡೋದು ಅಂಕಲ್?"

"ಭೋಸರಿ."

"ಓ, ಸೂಪರ್ ಅಂಕಲ್."

ಭೋಸರಿಯನ್ನು ಸೂಪರ್ ಅಂದವರನ್ನು ನಾನು ಅದೇ ಮೊದಲು ನೋಡಿದ್ದು. ಅವನ ಅಪ್ಪ ನಕ್ಕರು. "ನಮ್ಮ ಹುಡುಗನಿಗೆ ಎಲ್ಲರೂ ಅಂಕಲ್ಲೇ ಸಾರ್. ಆಟೋದವರೂ ಅಂಕಲ್, ಸೆಕ್ಯೂರಿಟಿಯವರೂ ಅಂಕಲ್."

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ಬಸ್ಸಿನ ಗಾಜು ಇನ್ನೂ ಕಣ್ಣ ಮುಂದಿತ್ತು. "ಹಾಗೆ ನೋಡಿದರೆ ಆ ಪದದ ಅರ್ಥ ಬೇರೆ," ಅಂದುಬಿಟ್ಟೆ. ತಟ್ಟೆ ಹಿಡಿದು ಬರುತ್ತಿದ್ದ ಅಕ್ಕ ಬಾಗಿಲಲ್ಲೇ ನಿಂತಳು. ಅವಳಿಗೆ ಆಗಲೇ ಅಪಾಯ ತಿಳಿದಿರಬೇಕು.

ನಾನು ಹೇಳಿದೆ. ಅಂಕಲ್ ಇಂಗ್ಲಿಷರ ಸ್ವಂತ ಪದವಲ್ಲ, ಫ್ರೆಂಚರಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ಅವುಂಕುಲುಸ್. ಅವುಸ್ ಎಂದರೆ ಅಜ್ಜ, ಅವುಂಕುಲುಸ್ ಎಂದರೆ ಚಿಕ್ಕಜ್ಜ, ಅಜ್ಜನ ಸಣ್ಣ ರೂಪ. ರೋಮಿನವರು ತಾಯಿಯ ಅಣ್ಣತಮ್ಮಂದಿರನ್ನು ಮಾತ್ರ ಹಾಗೆ ಕರೆಯುತ್ತಿದ್ದರು. "ಆದ್ದರಿಂದ ಹುಡುಗಿಗೆ ನಾನು ಅಂಕಲ್," ಎಂದು ಮುಗಿಸಿದೆ. "ಇವರಿಗಲ್ಲ."

ಹುಡುಗ ಗಂಭೀರವಾಗಿ, "ಓಕೆ ಅಂಕಲ್" ಅಂದ.

ಹುಡುಗನ ಅಮ್ಮ ಮರ್ಯಾದಸ್ಥೆ. ಮಾತು ಮುರಿಯಬಾರದೆಂದು, "ಹಾಗಾದ್ರೆ ಚಿಕ್ಕಪ್ಪನಿಗೆ ಏನಂತಿದ್ರು?" ಎಂದು ಕೇಳಿದರು.

"ಅದಕ್ಕೆ ಬೇರೆ ಪದ, ಪತ್ರೂಸ್. ಸದಾ ಬೈಯುವವನು, ತಪ್ಪು ಹುಡುಕುವವನು ಎಂಬ ಅರ್ಥವೂ ಆ ಪದಕ್ಕೆ ಅಂಟಿಕೊಂಡಿತ್ತು."

ಚಿಕ್ಕಪ್ಪ ಬಂದಾಗಿನಿಂದ ಲಿಫ್ಟು ಯಾಕೆ ಕೆಟ್ಟಿದೆ, ನಲ್ಲಿ ನೀರು ಎಷ್ಟು ಹೊತ್ತು ಬರುತ್ತೆ, ಪುಣೆಯವರು ಉಪ್ಪಿಟ್ಟಿಗೆ ಸಕ್ಕರೆ ಯಾಕೆ ಹಾಕ್ತಾರೆ ಎಂದು ವಿಚಾರಿಸುತ್ತಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಅವರು ಚಮಚ ಕೆಳಗಿಟ್ಟರು.

"ಅಂದ್ರೆ ನಾನು ಬೈಯೋನು ಅಂತಾನಾ ಸಾರ್?"

"ನೀವಲ್ಲರಿ, ರೋಮಿನವರು," ಅಂದೆ. ಆ ಮನೆಯಲ್ಲಿ ರೋಮಿನವರ ಪರ ನಿಲ್ಲುವವರು ಯಾರೂ ಇರಲಿಲ್ಲ.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ವರ್ಷಕ್ಕ ಒಮ್ಮೆ ಬಾಯಿ ತಗೀತಿ," ಅಂದಳು. "ಅದನ್ನ ಇವತ್ತ ತಗೀಬೇಕಿತ್ತೇನು?" ಮದುವೆಯಾಗಬೇಕಾದ ಹುಡುಗಿ ಅಲ್ಲೇ ಫ್ರಿಜ್ಜಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹೊರಡುವಾಗ ಹುಡುಗ ನನ್ನ ಮುಂದೆ ಕೈ ಜೋಡಿಸಿದ. "ಬರ್ತೀವಿ ಅಂ..." ಎಂದು ಅಲ್ಲಿಗೇ ನಿಲ್ಲಿಸಿ ಕಕ್ಕಾಬಿಕ್ಕಿಯಾಗಿ ಚಿಕ್ಕಪ್ಪನ ಮುಖ ನೋಡಿದ.

"ಚಿಕ್ಕಜ್ಜ ಅನ್ನಪ್ಪ," ಅಂದರು ಚಿಕ್ಕಪ್ಪ, ಚಪ್ಪಲಿ ಹಾಕಿಕೊಳ್ಳುತ್ತ. "ಅವರೇ ಅರ್ಥ ಹೇಳಿದಾರಲ್ಲ."

"ಬರ್ತೀವಿ ಚಿಕ್ಕಜ್ಜ," ಅಂದ ಹುಡುಗ, ಪೂರ್ತಿ ಭಕ್ತಿಯಿಂದ.

ಅಂಕಲ್ ಆಗಲಾರೆ ಎಂದು ಎದ್ದು ನಿಂತವನಿಗೆ ಒಂದೇ ಮಧ್ಯಾಹ್ನದಲ್ಲಿ ಒಂದು ತಲೆಮಾರು ಬಡ್ತಿ ಸಿಕ್ಕಿತು.

ರಂಗು

ನನ್ನ ಭಾಷಣವನ್ನೂ ದಾಟಿ ಸಂಬಂಧ ಕೂಡಿತು. ಆದರೆ ಹುಡುಗನ ಅಜ್ಜಿಯದೊಂದು ಕಟ್ಟಳೆ ಇತ್ತು. ಅವರ ಮನೆತನದಲ್ಲಿ ಸೋದರಮಾವ ಮದುಮಗಳನ್ನು ಎತ್ತಿಕೊಂಡೇ ಮಂಟಪಕ್ಕೆ ತರಬೇಕು. ಕೋಣೆಯ ಹೊಸ್ತಿಲಿನಿಂದ ಮಂಟಪದ ಮಣೆಯವರೆಗೆ ಹುಡುಗಿಯ ಕಾಲು ನೆಲ ಮುಟ್ಟಬಾರದು. ಚಿಕ್ಕಪ್ಪ ಫೋನಿನಲ್ಲಿ ಇದನ್ನು ಹೇಳಿ, "ಚಿಕ್ಕಜ್ಜನ ಕೈಲಿ ಆಗುತ್ತಾ?" ಎಂದು ಕೇಳಿದರಂತೆ.

"ನಮ್ಮ ಕಾಕಾನ ಮಗ ನಿಂದ್ರತಾನ," ಅಂದಳು ಅಕ್ಕ, ನನಗೆ ಫೋನು ಮಾಡಿ. ಅವನು ಕೊಥರೂಡದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ನಮಗೆ ತಮ್ಮ. ದಿನಾ ಜಿಮ್ಮಿಗೆ ಹೋಗಿ ತೋಳು ಬೆಳೆಸಿದ್ದಾನೆ. "ಅವನೂ ಆಕಿಗೆ ಮಾವನ ಅಲ್ಲೇನು? ನೀ ಮುಂದ ಕೂತು ಅಕ್ಷತಿ ಹಾಕು."

"ಆತು," ಅಂದೆ.

ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು. "ಆತು ಅಂದ್ರಿ?"

"ಹೂಂ."

"ಮಾರಿ ನೋಡಿದ್ರ ಆತು ಅಂದಂಗ ಕಾಣ್ಸೂದಿಲ್ಲ."

ನಿಶ್ಚಯಕ್ಕೂ ಮದುವೆಗೂ ನಡುವೆ ಸಮಯವಿತ್ತು. ಕಣ್ಣಿಗೆ ಸ್ವಲ್ಪ ಗಟ್ಟಿಯಾಗಿ ಕಂಡರೆ ಅಕ್ಕ ಮನಸ್ಸು ಬದಲಿಸಬಹುದು ಎಂದುಕೊಂಡು, ಜೀವನದಲ್ಲಿ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿಸಲು ಪೇಟೆಯ ಸಲೂನಿಗೆ ಹೋದೆ. ಸಲೂನಿನವನು ಹಳೆಯ ಪುಣೆಯವನು. ಕನ್ನಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. ಬಲಗಡೆಯಿಂದ ನೋಡಿದ, ಎಡಗಡೆಯಿಂದ ನೋಡಿದ.

"ಕೂದಲಿಗೆ ಹಚ್ಚುತ್ತೇನೆ ಕಾಕಾ," ಅಂದ ಮರಾಠಿಯಲ್ಲಿ. "ಮುಖಕ್ಕೇನು ಮಾಡೋಣ?"

ಗಡ್ಡ ಮಾಡಿಸಿಕೊಂಡು ಬಂದೆ.

ಅಕ್ಕಿ ಚೀಲ

ಮುಖ ಬದಲಿಸಲಾಗದು, ತೋಳನ್ನಾದರೂ ಬದಲಿಸಬಹುದು. ಜಿಮ್ಮಿಗೆ ಹೋಗುವ ಧೈರ್ಯ ಇರಲಿಲ್ಲ. ಅಲ್ಲಿಯ ಹುಡುಗರು ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮನೆಯಲ್ಲೇ ಶುರು ಮಾಡಿದೆ. ಅಕ್ಕಿಯ ಚೀಲವನ್ನು ಎರಡೂ ಕೈಯಲ್ಲಿ ಅಡ್ಡಕ್ಕೆ ಎತ್ತಿಕೊಂಡು, ಅಡುಗೆಮನೆಯಿಂದ ದೇವರ ಗೂಡಿನವರೆಗೆ ನಡೆಯುವುದು. ಮದುವೆಯ ನಡಿಗೆ ಅವಸರದ್ದಲ್ಲವಾದ್ದರಿಂದ ನಿಧಾನವಾಗಿ ನಡೆಯುತ್ತಿದ್ದೆ. ಮದುಮಗಳು ಅಕ್ಕಿ ಚೀಲಕ್ಕಿಂತ ಭಾರ ಇರುತ್ತಾಳೆ ಎಂಬುದು ತಿಳಿಯದ್ದೇನಲ್ಲ. ಎಲ್ಲಿಂದಾದರೂ ಆರಂಭಿಸಬೇಕಲ್ಲ.

ಹೆಂಡತಿ ಮೊದಲ ದಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಎರಡನೆಯ ದಿನ, "ನಾನೂ ಅಕ್ಷತಿ ಹಾಕ್ಲೇನು?" ಎಂದು ಕೇಳಿದಳು.

ಚೀಲ ಕೈಯಲ್ಲಿ ಜಾರುತ್ತಿತ್ತು. ನುಣುಪಾದ ಪ್ಲಾಸ್ಟಿಕ್ಕು. ಒಂದು ಭಾನುವಾರ ಅದಕ್ಕೆ ಹೆಂಡತಿಯ ಹಳೆಯ ಇಳಕಲ್ ಸೀರೆ ಸುತ್ತಿದೆ. ಹಿಡಿತ ಚೆನ್ನಾಗಿ ಸಿಕ್ಕಿತು. ಸೆರಗಿನ ತುದಿ ಕೆಳಗೆ ಇಳಿಬಿದ್ದು ಕಾಲಿಗೆ ತೊಡರದಂತೆ ನೋಡಿಕೊಂಡು, ದೇವರ ಗೂಡಿನ ಕಡೆ ಹೆಜ್ಜೆ ಹಾಕುತ್ತಿದ್ದೆ. ಆಗ ಪಕ್ಕದ ಮನೆಯ ಮರಾಠಿ ಬಾಯಿ ಹೆಪ್ಪಿಗೆಂದು ಬಟ್ಟಲು ಹಿಡಿದು, ತೆರೆದೇ ಇದ್ದ ಬಾಗಿಲಿನಿಂದ ಒಳಗೆ ಬಂದರು.

ನಾನು ನಿಂತೆ. ಅವರೂ ನಿಂತರು. ಕೆಂಪು ಸೆರಗು ನನ್ನ ತೋಳಿನಿಂದ ಜೋಲುತ್ತಿತ್ತು. ಇಂಥ ಸಮಯಕ್ಕೆ ಹೇಳಬಹುದಾದ ಮಾತು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಏನು ನಡೆದಿದೆ?" ಎಂದು ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕೇಳಿದರು.

ಹೆಂಡತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. "ಗೃಹಪ್ರವೇಶ," ಅಂದಳು.

ನನ್ನದೇ ವಾಕ್ಯ

ಬಾಯಿಯವರ ಮುಂದೆ ಚೀಲವನ್ನು ಬೇಗ ಇಳಿಸಿಬಿಡಬೇಕೆಂಬ ಗಡಿಬಿಡಿಯಲ್ಲಿ ಸೊಂಟದಿಂದ ಬಗ್ಗಿದೆ. ಒಳಗೆಲ್ಲೋ ಕಟಕ್ ಎಂದಿತು. ಬಗ್ಗಿದವನು ಬಗ್ಗಿಯೇ ಉಳಿದೆ. ಬಾಯಿ ಹೆಪ್ಪು ತೆಗೆದುಕೊಂಡು ಹೋಗುವವರೆಗೂ ಅಕ್ಕಿಗೆ ನಮಸ್ಕಾರ ಮಾಡುವವನ ಹಾಗೆ ಇದ್ದೆ.

ಆ ವಾರ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿ, ಮತ್ತೆ ನಿಘಂಟು ಹಿಡಿದೆ. ಅಮೆರಿಕದ ಹುಡುಗರು ಕುಸ್ತಿಯಾಡುವಾಗ ಕೆಳಗೆ ಬಿದ್ದವನು 'ಅಂಕಲ್' ಅನ್ನಬೇಕಂತೆ. ಅಂದರೆ ಸೋತೆ ಎಂದು. ಅಂದ ಮೇಲೆಯೇ ಮೇಲಿನವನು ಬಿಡುತ್ತಾನೆ. ಯಾಕೆ ಆ ಪದವೇ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ನನಗೆ ಗೊತ್ತಾಗತೊಡಗಿತ್ತು.

ಹುಡುಗಿ ನೋಡಲು ಬಂದಳು. ಚಾಪೆಯ ಪಕ್ಕ ಕೂತಳು.

"ಮಾಮಾ, ಅಕ್ಕಿ ಜೋಡಿ ಲಗ್ನಾ ಆತಂತ? ಹೇಳಲೇ ಇಲ್ಲ."

"ಸಣ್ಣದ ಮಾಡಿದ್ವಿ," ಅಂದೆ.

ಅವಳಿಗೆ ಓದಿದ್ದನ್ನು ಹೇಳಿದೆ. ಇಂಗ್ಲಿಷರಿಗೂ ಒಂದು ಕಾಲದಲ್ಲಿ ತಾಯಿಯ ಅಣ್ಣತಮ್ಮಂದಿರಿಗೊಂದು ಪದ, ತಂದೆಯ ಅಣ್ಣತಮ್ಮಂದಿರಿಗೊಂದು ಪದ, ಬೇರೆ ಬೇರೆ ಇದ್ದವು. ಅಂಕಲ್ ಬಂದು ಎರಡನ್ನೂ ನುಂಗಿತು. ಈಗ ಅವರಿಗೆ ಯಾರು ಯಾವ ಕಡೆಯವರೆಂದು ಹೇಳಬೇಕಾದರೆ ಒಂದು ಇಡೀ ವಾಕ್ಯ ಬೇಕು.

"ನಾವಿನ್ನೂ ಕಳಕೊಂಡಿಲ್ಲ ತಗೋ," ಅಂದಳು. ಆಮೇಲೆ ಹೊದಿಕೆಯಿಂದ ಹೊರಗೆ ಚಾಚಿದ್ದ ನನ್ನ ಕಾಲನ್ನು ನೋಡಿ, "ಬೆನ್ನಷ್ಟ ಹೋಗೇದೇನು? ಕಾಲು ಭೇಷ್ ಅವ?" ಎಂದು ಕೇಳಿದಳು.

"ಕಾಲಿಗೆ ಏನೂ ಆಗಿಲ್ಲ."

"ಚಲೋ ಆತು," ಅಂದಳು. ಯಾಕೆ ಚಲೋ ಆತು ಎಂದು ನಾನು ಕೇಳಲಿಲ್ಲ.

ಕಾರ್ಖಾನೆಗೆ ಹೋದ ದಿನ ನಾನಿನ್ನೂ ಒಂದು ಬದಿಗೆ ವಾಲಿಯೇ ನಡೆಯುತ್ತಿದ್ದೆ. ಸುರಕ್ಷತಾ ಅಧಿಕಾರಿ ನನ್ನ ಮೇಜಿನ ಬಳಿ ಬಂದ. ಬೆಳಗಾವಿ ಕಡೆಯ ಹುಡುಗ, ನನ್ನ ಮೇಲೆ ಗೌರವ ಇದ್ದವನು.

"ಏನ್ ಎತ್ತಿದ್ರಿ ಸರ್?"

"ಅಕ್ಕಿ."

"ಬಗ್ಗಿ ಎತ್ತಿದ್ರೋ, ಕುಂತು ಎತ್ತಿದ್ರೋ?"

"ಎತ್ತೂದು ಚಲೋ ಎತ್ತಿದ್ದೆ. ಇಳಸೂದು ತಪ್ಪಿತು."

ಅವನು ಗೋಡೆಗೆ ತೂಗುಹಾಕಿದ್ದ ಕೈಪಿಡಿ ತಂದು, ಪುಟ ತೆಗೆದು, ಬೆರಳಿಟ್ಟು ಓದಿದ. "ಭಾರವನ್ನು ಎತ್ತುವಾಗಲೂ ಇಳಿಸುವಾಗಲೂ ಬೆನ್ನು ನೆಟ್ಟಗಿರಲಿ. ಮೊಣಕಾಲು ಬಗ್ಗಲಿ. ಯಾರೋ ನೋಡುತ್ತಿದ್ದಾರೆಂದು ಅವಸರ ಮಾಡಬೇಡಿ."

ಬರೆದವನು ನಾನೇ. ಕೊನೆಯ ವಾಕ್ಯವನ್ನು ಮೇಲಧಿಕಾರಿಗಳು ತೆಗೆಯಲು ಹೊರಟಾಗ ಜಗಳವಾಡಿ ಉಳಿಸಿಕೊಂಡಿದ್ದೆ.

"ಭಾಳ ಚಲೋ ಬರದೀರಿ ಸರ್," ಅಂದ ಅವನು, ಮನಸಾರೆ. "ಯಾರರ ಒಬ್ರು ಓದಿದ್ರ ಉಪಯೋಗ ಆಗ್ತಿತ್ತು."

ಅಂಕಲ್‌ಗಳ ಸಾಲು

ಮದುವೆ ಪೇಟೆಯ ಒಂದು ಹಳೆಯ ಮಂಗಲ ಕಾರ್ಯಾಲಯದಲ್ಲಿ. ಬಾಗಿಲಲ್ಲೇ ಮರಾಠಿ ಫಲಕ ತೂಗುತ್ತಿತ್ತು. 'ಮುಹೂರ್ತ ನಿಮ್ಮದು, ಸಭಾಗೃಹ ನಮ್ಮದು. ಎರಡೂ ವೇಳೆಗೆ ಸರಿಯಾಗಿ ಮುಗಿಯಬೇಕು.' ವ್ಯವಸ್ಥಾಪಕ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು, ನಮ್ಮನ್ನೂ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತಿದ್ದ.

ನಾನು ಅಕ್ಕ ಹೇಳಿದ ಹಾಗೆ ಮುಂದಿನ ಸಾಲಿನಲ್ಲಿ, ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂತಿದ್ದೆ. ಬೆನ್ನಿಗೆ ಪಟ್ಟಿ ಬಿಗಿದಿದ್ದರಿಂದ ಬಹಳ ಘನತೆಯಿಂದ ಕೂತವನ ಹಾಗೆ ಕಾಣುತ್ತಿದ್ದೆನಂತೆ. ಹುಡುಗನ ಅಜ್ಜಿ ಮಂಟಪದ ಎದುರಿಗೇ ಕುರ್ಚಿ ಹಾಕಿಸಿಕೊಂಡಿದ್ದರು, ನೆಲ ಕಾಣುವ ಹಾಗೆ. ಅವರನ್ನು ನಾನು ಅದೇ ಮೊದಲು ನೋಡಿದ್ದು. ಕಾಲಿನ ಕಟ್ಟಳೆ ಅವರದೇ.

ಮೈಕು ಚಿಕ್ಕಪ್ಪನ ಕೈಯಲ್ಲಿತ್ತು. ಭಟ್ಟರು ಅವರ ಕಿವಿಯಲ್ಲಿ ಏನೋ ಹೇಳಿದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಹುಡುಗಿ ಕಡೆ ಅಂಕಲ್ ಎಲ್ಲಿದ್ರೂ ಬೇಗ ಬರ್ಬೇಕು, ಹುಡುಗೀನ ಎತ್ಕೊಂಡ್ ಬರೋದಿದೆ. ಟೈಮ್ ಆಗೋಯ್ತು."

ನಮ್ಮ ಹುಡುಗಿ ಹುಟ್ಟಿ ಬೆಳೆದದ್ದು ಪುಣೆಯ ಒಂದೇ ಸೊಸಾಯಿಟಿಯಲ್ಲಿ, ಅಂದರೆ ಒಂದೇ ವಸತಿ ಸಮುಚ್ಚಯದಲ್ಲಿ. ಅಲ್ಲಿಯ ಅಷ್ಟೂ ಗಂಡಸರು ಬಂದಿದ್ದರು. ಮೊದಲು ಎರಡನೆಯ ಮಹಡಿಯ ಪಂಜಾಬಿ ಎದ್ದರು. ಅವರ ಹಿಂದೆ ಸೊಸಾಯಿಟಿಯ ಸೆಕ್ರೆಟರಿ. ಆಮೇಲೆ ಅವಳಿಗೆ ಗಣಿತ ಹೇಳಿಕೊಟ್ಟವರು, ಭಾವನ ಆಫೀಸಿನವರು, ಭಾವನ ಇಬ್ಬರು ಅಣ್ಣಂದಿರು. ಎಲ್ಲರಿಗೂ ಹುಡುಗಿಯ ಮೇಲೆ ಪ್ರೀತಿ, ಎಲ್ಲರೂ ಅಷ್ಟು ದಿನ ಅಂಕಲ್ ಅನ್ನಿಸಿಕೊಂಡವರೇ. ಮದುಮಗಳ ಕೋಣೆಯ ಬಾಗಿಲಲ್ಲಿ ರೇಷನ್ ಅಂಗಡಿಯ ಸಾಲಿನ ಹಾಗಾಯಿತು. ಕೊನೆಯಲ್ಲಿ ನಮ್ಮ ಸುರಕ್ಷತಾ ಅಧಿಕಾರಿಯೂ ನಿಂತಿದ್ದ.

"ನೀ ಯಾಕ ಬಂದಿ?" ಎಂದು ಎದ್ದು ಹೋಗಿ ಕೇಳಿದೆ.

"ಎತ್ತೂದು ಅಂದ್ರಲ್ಲ ಸರ್. ಯಾರರ ಬಗ್ಗಿ ಎತ್ತಿಬಿಟ್ರ?"

ವ್ಯವಸ್ಥಾಪಕ ಗಡಿಯಾರ ನೋಡಿ ಎದ್ದು ನಿಂತ. ಪಂಜಾಬಿ ಆಗಲೇ ಕೋಟು ಬಿಚ್ಚಿ ತಮ್ಮ ಹೆಂಡತಿಗೆ ಕೊಟ್ಟಿದ್ದರು. ಯಾರನ್ನು ಕಳಿಸುವುದು, ಯಾರಿಗೆ ಬೇಜಾರಾಗುತ್ತದೆ ಎಂದು ಅಕ್ಕ ಬೆವರುತ್ತಿದ್ದಳು. ನನ್ನನ್ನು ಕಂಡವಳೇ ತೋಳು ಹಿಡಿದೆಳೆದಳು.

"ಏ ತಮ್ಮಾ, ಅವತ್ತ ಹೇಳಿದ್ಯಲ್ಲ ಆ ಲ್ಯಾಟಿನ್ನು," ಅಂದಳು. "ಅದನ್ನೀಗ ಹೇಳು."

ಜೀವನದಲ್ಲಿ ನನ್ನ ಓದನ್ನು ಯಾರಾದರೂ ಕೇಳಿಕೊಂಡದ್ದು ಅದೊಂದೇ ಸಲ. ಬಾಗಿಲಿಗೆ ಅಡ್ಡ ನಿಂತು ಹಿಂದಿಯಲ್ಲಿ ಹೇಳಿದೆ. ಈ ಕೆಲಸ ತಾಯಿಯ ಅಣ್ಣತಮ್ಮಂದಿರದು, ಮಿಕ್ಕವರು ದಯವಿಟ್ಟು ಕೂತು ಆಶೀರ್ವಾದ ಮಾಡಬೇಕು. ಲ್ಯಾಟಿನ್ ಬೇಕಾಗಲಿಲ್ಲ. ಪಂಜಾಬಿ ಕೋಟು ಹಾಕಿಕೊಂಡು, "ಮೊದಲೇ ಮಾಮಾ ಅನ್ನಬಾರದಿತ್ತೇ?" ಎಂದು ಗೊಣಗುತ್ತ ಹೋದರು. ಸಾಲು ಕರಗಿತು.

ಉಳಿದವರು ಇಬ್ಬರು. ಕೊಥರೂಡದ ತಮ್ಮ ಮತ್ತು ನಾನು. ತಮ್ಮ ತೋಳು ಮಡಚಿ, "ನಡಿ ಅಣ್ಣಾ, ನಾ ನೋಡ್ಕೋತೀನಿ" ಅಂದ. ಅವನದೇನೂ ತಪ್ಪಿಲ್ಲ. ನಾನು ಪಕ್ಕಕ್ಕೆ ಸರಿದು, ಅಕ್ಷತೆ ಎಲ್ಲಿಟ್ಟೆ ಎಂದು ಹುಡುಕತೊಡಗಿದೆ.

ಒಳಗಿನಿಂದ ಹುಡುಗಿ ಎದ್ದು ಹೊಸ್ತಿಲಿಗೆ ಬಂದಳು. ಮೈತುಂಬ ಸೀರೆ, ಹಣೆಗೆ ಬಾಸಿಂಗ. "ಮಾಮಾ," ಅಂದಳು ನನಗೆ. "ಚಪ್ಪಲಿ ತಗಿ."

"ಯಾಕ?"

"ಆನಿ ಆಟ."

"ಹುಚ್ಚು ಹಿಡೀತೇನು ನಿನಗ?" ಅಂದಳು ಅಕ್ಕ.

"ಕಾಲು ನೆಲಾ ಮುಟ್ಟಬಾರದು ಅಂದಾರ. ಎತ್ತಲೇಬೇಕು ಅಂತ ಕಾಲಿಗೇನ್ ಗೊತ್ತಾಗ್ತದ?" ಅಂದವಳು, ಹೊಸ್ತಿಲ ಮೇಲಿಂದ ಸೀದಾ ನನ್ನ ಪಾದಗಳ ಮೇಲೆ ಕಾಲಿಟ್ಟಳು. ಬೆನ್ನು ನನಗೆ ಒರಗಿಸಿ, ನನ್ನ ಎರಡೂ ಕೈ ಹಿಡಿದುಕೊಂಡಳು. ತಮ್ಮ ಒಂದು ಗಳಿಗೆ ನೋಡಿ, ಮಡಚಿದ ತೋಳು ಇಳಿಸಿ, ಮುಂದೆ ಹೋಗಿ ದಾರಿ ಮಾಡಿಸತೊಡಗಿದ.

ನಡೆದೆವು. ಅವಳು ಆಗ ಎಷ್ಟು ಹಗುರವಿದ್ದಳು ಎಂಬುದು ನನಗೆ ನೆನಪಿತ್ತು. ಆ ನೆನಪಿನಿಂದ ಏನೂ ಉಪಯೋಗವಾಗಲಿಲ್ಲ. ಅವಳು, ಅವಳ ಸೀರೆ, ಅಕ್ಕನ ಅಷ್ಟೂ ಒಡವೆ, ಬೆಳ್ಳಿಯ ಕಾಲ್ಗೆಜ್ಜೆ ಎಲ್ಲವೂ ನನ್ನ ಹೆಬ್ಬೆರಳುಗಳ ಮೇಲಿದ್ದವು. ಹೆಜ್ಜೆಹೆಜ್ಜೆಗೂ ಅವಳು ಮೆಲ್ಲಗೆ, "ಬೆನ್ನು ನೆಟ್ಟಗ ಇರಲಿ ಮಾಮಾ, ಯಾರೋ ನೋಡಾಕತ್ತಾರಂತ ಅವಸರ ಮಾಡಬ್ಯಾಡ" ಅನ್ನುತ್ತಿದ್ದಳು. ಸುರಕ್ಷತಾ ಅಧಿಕಾರಿ ಆ ವಾಕ್ಯವನ್ನು ಎಲ್ಲೆಲ್ಲಿ ಹಂಚಿದ್ದನೋ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಕುರ್ಚಿಯಿಂದ ಬಗ್ಗಿ, ಸೀರೆಯ ಅಂಚಿನ ಕೆಳಗೆ ನಾಲ್ಕು ಪಾದಗಳನ್ನು ಪರೀಕ್ಷಿಸಿದರು. ಮೇಲಿನ ಎರಡು ನೆಲ ಮುಟ್ಟಿರಲಿಲ್ಲ. ತಲೆಯಾಡಿಸಿದರು. ಹುಡುಗಿ ಮಣೆ ಹತ್ತಿದಳು.

ಗಟ್ಟಿಮೇಳ ಆಯಿತು. ನಾನು ಕುಂಟುತ್ತ ಮಂಟಪದಿಂದ ಇಳಿದೆ. ನನ್ನ ಕುರ್ಚಿಯಲ್ಲಿ ಆಗಲೇ ಪಂಜಾಬಿ ಕೂತಿದ್ದರು. ಅಜ್ಜಿಯ ಪಕ್ಕದಲ್ಲಿದ್ದ ಚಿಕ್ಕಪ್ಪ ನನ್ನ ಕಾಲನ್ನು ನೋಡಿದರು, ಮುಖವನ್ನು ನೋಡಿದರು. ಎದ್ದು ತಮ್ಮ ಕುರ್ಚಿ ಮುಂದೆ ತಳ್ಳಿದರು.

"ಬನ್ನಿ ಚಿಕ್ಕಜ್ಜ, ಕೂತ್ಕೊಳಿ," ಅಂದರು. ಈ ಸಲ ಅದರಲ್ಲಿ ಕೊಂಕು ಇರಲಿಲ್ಲ.

ಸ್ವಾರಗೇಟಿನಿಂದ ಹಡಪಸರದವರೆಗೆ ನಿಂತು ಹೋದ ಮನುಷ್ಯ ನಾನು. ಅವರ ಮಾತು ಮುಗಿಯುವುದರೊಳಗೆ ಕೂತಿದ್ದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಚಿಕ್ಕ ತಾತನಾ ನೀವು? ಈ ವಯಸ್ಸಲ್ಲಿ ಮೊಮ್ಮಗಳನ್ನ ಕಾಲ ಮೇಲೆ ನಿಲ್ಲಿಸ್ಕೊಂಡು ಕರ್ಕೊಂಡ್ ಬಂದ್ರಲ್ಲ. ನಮ್ಮ ಕಾಲದೋರೇ ಗಟ್ಟಿ ಬಿಡಿ."

ಚಿಕ್ಕಪ್ಪ ಗಾಬರಿಯಾಗಿ ಏನೋ ಹೇಳಲು ಬಾಯಿ ತೆರೆದರು. ಬೇಡ ಎಂದು ಕಣ್ಣು ಮಾಡಿದೆ. ಪದದ ಅರ್ಥ ಹೇಳುವ ಕೆಲಸ ನನಗೆ ಸಾಕಾಗಿತ್ತು.

"ಹೌದ್ರಿ," ಅಂದೆ.

"ಆದ್ರೂ ಪಾಪ, ನಿಮಗ್ಯಾಕೆ ಇಷ್ಟು ಕಷ್ಟ ಕೊಟ್ರು?" ಅಜ್ಜಿಯ ದನಿ ಸ್ವಲ್ಪ ಬಿಗಿಯಾಯಿತು. "ಇದು ಸೋದರಮಾವ ಮಾಡೋ ಕೆಲಸ. ಅವನೆಲ್ಲಿ ಹೋದ? ಬರ್ಲೇ ಇಲ್ವಾ?"

"ಬಂದಾನ್ರಿ," ಅಂದೆ. "ಅವಂದು ಬೆನ್ನು ಹಿಡದದ. ಇಲ್ಲೇ ಎಲ್ಲೋ ಕೂತಾನ."